ಹಾಲು, ಓವರು ಮತ್ತು ಜಾಣಕುರುಡು

“ರೀ, ಹಾಲು ಒಲೆ ಮೇಲಿದೆ, ನೋಡ್ಕೊಳ್ಳಿ” ಎಂದು ಹೆಂಡತಿ ಒಣಗಿದ ಬಟ್ಟೆ ತರಲು ಮಹಡಿ ಹತ್ತಿದಳು. ನಾನು ನೋಡಿಕೊಂಡೆ, ಸುಳ್ಳಲ್ಲ. ನಮ್ಮ ಹಾಲ್‌ನಲ್ಲಿ ಕೂತರೆ ಒಲೆ ಮೇಲಿನ ಹಾಲು ಚೆನ್ನಾಗಿಯೇ ಕಾಣುತ್ತದೆ. ಅಂಚಿನಲ್ಲಿ ಗುಳ್ಳೆ ಎದ್ದದ್ದು, ಕೆನೆ ನಡುಗಿದ್ದು, ಪಾತ್ರೆಯ ಕಂಠದವರೆಗೆ ಏರಿದ್ದು, ಎಲ್ಲ ಕಂಡಿತು. ಆದರೆ ಟೀವಿಯಲ್ಲಿ ಕೊನೆಯ ಓವರು. ಎರಡು ಬಾಲಿಗೆ ಐದು ರನ್ನು ಬೇಕು.

ಪಂದ್ಯ ನಾಲ್ಕು ರನ್ನಿಗೆ ಹೋಯಿತು. ಹಾಲು ಮುಕ್ಕಾಲು ಲೀಟರು ಹೋಯಿತು.

“ಕಾಣಿಸ್ಲಿಲ್ವಾ?”

ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು. ನಾನು ಇತಿಹಾಸ ತೆಗೆದೆ. “ಇಂಗ್ಲಿಷಿನಲ್ಲಿ ‘ಟರ್ನ್ ಎ ಬ್ಲೈಂಡ್ ಐ’ ಅಂತಾರಲ್ಲ, ಕಂಡೂ ಕಾಣದ ಹಾಗಿರೋದು, ಅದು ದೊಡ್ಡವರ ಲಕ್ಷಣ ಕಣೇ” ಎಂದು ಬ್ರಿಟಿಷ್ ನೌಕಾಪಡೆಯ ನೆಲ್ಸನ್ನನನ್ನು ಅಡುಗೆಮನೆಗೆ ಕರೆತಂದೆ. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಳಗದಲ್ಲಿ ಗುಂಡು ಬಡಿದು ಸಿಡಿದ ಮಣ್ಣುಕಲ್ಲಿಗೆ ಅವನ ಬಲಗಣ್ಣಿನ ದೃಷ್ಟಿ ಹೋಗಿತ್ತು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಎದುರು ಡೆನ್ಮಾರ್ಕಿನವರ ಜೊತೆ ಕದನ. ದೂರದಲ್ಲಿ ನಿಂತಿದ್ದ ಮೇಲಧಿಕಾರಿ ಹೈಡ್ ಪಾರ್ಕರ್, ಸಾಕು ನಿಲ್ಲಿಸಿ ಎಂದು 39ನೇ ನಂಬರಿನ ಸಂಕೇತದ ಬಾವುಟ ಏರಿಸಿದ. ನೆಲ್ಸನ್ ದುರ್ಬೀನನ್ನು ಕುರುಡುಗಣ್ಣಿಗೆ ಹಿಡಿದು “ನನಗಂತೂ ಸಂಕೇತ ಕಾಣುತ್ತಿಲ್ಲ” ಅಂದನಂತೆ. ದುರ್ಬೀನಿನ ಒಗ್ಗರಣೆ ಆಮೇಲೆ ಬಿದ್ದದ್ದೂ ಇರಬಹುದು. ಆದರೆ ಕಾದಾಡಿ ಗೆದ್ದದ್ದು ನಿಜ. ಮುಂದಿನ ತಿಂಗಳು ಪಾರ್ಕರನನ್ನು ವಾಪಸು ಕರೆಸಿಕೊಂಡು ಅವನ ಜಾಗ ನೆಲ್ಸನ್‌ಗೇ ಕೊಟ್ಟರು.

(ನಮಗೆ ಇಷ್ಟೆಲ್ಲ ಹಡಗು, ಫಿರಂಗಿ ಬೇಕಾಗಲಿಲ್ಲ. ಜಾಣಕುರುಡು ಎಂಬ ಒಂದೇ ಪದದಲ್ಲಿ ಮುಗಿಸಿದ್ದೇವೆ. ಜೊತೆಗೆ ಜಾಣಕಿವುಡೂ ಇದೆ, ಅದರಲ್ಲೂ ನನಗೆ ಒಳ್ಳೆಯ ಅಭ್ಯಾಸವುಂಟು.)

ಹೆಂಡತಿ ಒಲೆಕಟ್ಟೆ ಒರೆಸುತ್ತಲೇ ಎಲ್ಲ ಕೇಳಿಸಿಕೊಂಡಳು.

“ಅವನಿಗೆ ಒಂದು ಕಣ್ಣು ನಿಜವಾಗ್ಲೂ ಕಾಣ್ತಿರ್ಲಿಲ್ಲ. ನಿಮಗೇನಾಗಿದೆ ಧಾಡಿ? ಮತ್ತೆ ಅವನು ಗೆದ್ದ.”

ಬರ್ನರ್ ಬಿಚ್ಚಿ, ತೂತುತೂತಿಗೂ ಪಿನ್ನು ಹಾಕಿ, ಸೀದ ಹಾಲು ಕೆರೆಯುವಷ್ಟರಲ್ಲಿ ಸಂಜೆಯಾಯಿತು. ಉಳಿದ ಕಾಲು ಲೀಟರಿನಲ್ಲಿ ಕಾಫಿಯ ಪರಿಮಳ ಎದ್ದಿತು. ಲೋಟ ಹಿಡಿದು ಪಕ್ಕದಲ್ಲಿ ಹೋಗಿ ನಿಂತೆ. ಕೆಮ್ಮಿದೆ. ಲೋಟವನ್ನು ಕಟ್ಟೆಗೆ ಎರಡು ಸಲ ಕುಟ್ಟಿದೆ.

ಅವಳು ನಿಧಾನವಾಗಿ ಕನ್ನಡಕ ತೆಗೆದು ಫ್ರಿಜ್ಜಿನ ಮೇಲಿಟ್ಟಳು.

“ಲೋಟನಾ? ಎಲ್ಲಿ ರೀ, ಕಾಣಿಸ್ತಾನೇ ಇಲ್ಲ.”