ಗಾಳಿಯನ್ನು ತಡೆದ ಅಡಿಟಿಪ್ಪಣಿ

ಇಂಗ್ಲೆಂಡಿನಲ್ಲಿ ಗಾಳಿಗೇನೂ ಬರವಿಲ್ಲ. ಆದರೂ 2015ರ ನಂತರ ಸುಮಾರು ಒಂಬತ್ತು ವರ್ಷ, ಹಾಲು ತಣ್ಣಗಿಡುವ ಟ್ಯಾಂಕಿಗಾದರೂ ಸ್ವಂತ ಕರೆಂಟ್ ಇರಲಿ ಅಂತ ಒಬ್ಬ ರೈತ ಹೊಲದಲ್ಲಿ ಒಂದೇ ಒಂದು ದೊಡ್ಡ ವಿಂಡ್ ಟರ್ಬೈನ್ ನಿಲ್ಲಿಸಲು ಹೊರಟರೆ ಎರಡು ಷರತ್ತು ಎದುರಿಗೆ ಬರುತ್ತಿದ್ದವು. ಆ ಜಾಗ ಗಾಳಿಯಂತ್ರಕ್ಕೆ ಸರಿ ಅಂತ ಸ್ಥಳೀಯ ಆಡಳಿತದ ಭೂಬಳಕೆ ಯೋಜನೆಯಲ್ಲಿ ಮೊದಲೇ ಗುರುತಾಗಿರಬೇಕು. ಜೊತೆಗೆ ಊರವರ ಆತಂಕವೆಲ್ಲ ತೀರಿ ಅವರ ಬೆಂಬಲವೂ ಇರಬೇಕು. ಅಂದರೆ ಗಾಳಿ ಸುಮ್ನೆ ಬೀಸಿದರೆ ಸಾಲದು, ಇಲ್ಲಿ ಬೀಸುತ್ತೇನೆ ಅಂತ ಮುಂಚೆಯೇ ಕಡತದಲ್ಲಿ ಹೆಸರು ಬರೆಸಿರಬೇಕು!

ಮಜಾ ಏನೆಂದರೆ, ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ರಾಷ್ಟ್ರೀಯ ಯೋಜನಾ ನೀತಿಯ ಪುಟದ ಮೇಲ್ಭಾಗದಲ್ಲಿ ನವೀಕರಿಸಬಹುದಾದ ಇಂಧನಕ್ಕೆ ಸ್ವಾಗತ, ಕೆಳಗೆ ಸಣ್ಣಕ್ಷರದ ಅಡಿಟಿಪ್ಪಣಿಯಲ್ಲಿ ಈ ಷರತ್ತುಗಳು. ಊರಲ್ಲಿ ಒಬ್ಬರು ಮೂಗು ಮುರಿದರೂ ಅರ್ಜಿ ಮೂಲೆಗೆ ಬೀಳಬಹುದಿತ್ತು. ಅದೇ ರೈತ ಅಷ್ಟಗಲದ ತಗಡಿನ ಶೆಡ್ ಕಟ್ಟುತ್ತೇನೆ ಅಂದರೆ, ಅಳತೆ ಮೀರದಿದ್ದರೆ ಪೂರ್ತಿ ಅರ್ಜಿಯೇ ಬೇಡ, ಮೊದಲೇ ತಿಳಿಸಿದರೆ ಬಹುತೇಕ ಆಯಿತು. ತಗಡಿಗೆ ಊರವರ ಪ್ರೀತಿ ಬೇಕಿಲ್ಲ ನೋಡಿ.

2024ರ ಜುಲೈನಲ್ಲಿ ಹೊಸ ಸರ್ಕಾರ ಬಂದ ಕೆಲವೇ ದಿನಗಳಲ್ಲಿ ಆ ಅಡಿಟಿಪ್ಪಣಿಗಳನ್ನು ರದ್ದು ಮಾಡಿತು. ಸರಿ, ದಾರಿ ಸಲೀಸಾಯಿತು ಅಂದುಕೊಂಡಿರಾ? ಕಡತ ಇನ್ನೂ ದಪ್ಪಗೇ ಇದೆ. ಯಂತ್ರದ ಶಬ್ದದ ಲೆಕ್ಕಕ್ಕೆ ಅಧಿಕಾರಿಗಳು 1990ರ ದಶಕದ ಮಾರ್ಗಸೂಚಿ ಹಿಡಿದರು. ಸುತ್ತ ಸದ್ದಿಲ್ಲದ ಕಡೆ ಅದರಲ್ಲಿ ಹಗಲಿನ ಮಿತಿ 35ರಿಂದ 40 ಡೆಸಿಬೆಲ್, ರಾತ್ರಿಯದ್ದು 43. ತಪ್ಪು ಓದಲಿಲ್ಲ ನೀವು, ರಾತ್ರಿಯೇ ಜಾಸ್ತಿ. ಜನ ಒಳಗೆ ಮಲಗಿರುತ್ತಾರೆ, ಗೋಡೆ ಸದ್ದು ತಡೆಯುತ್ತದೆ ಅನ್ನುವ ತರ್ಕ. ರಾತ್ರಿ ಅಂಗಳದಲ್ಲಿ ಕೂರುವವರನ್ನು ಆ ಮಾರ್ಗಸೂಚಿ ಬರೆದ ಸಮಿತಿ ಕಂಡೇ ಇರಲಿಲ್ಲವೇನೋ.

ಯಂತ್ರದ ರೆಕ್ಕೆ ರಾಡಾರ್ ಪರದೆಯ ಮೇಲೆ ವಿಮಾನದ ಹಾಗೆ ಕಾಣಬಹುದು ಅಂತ ರಕ್ಷಣಾ ಇಲಾಖೆಯನ್ನೂ ಕೇಳಬೇಕು. ಆಮೇಲೆ ಬಾವಲಿಗಳು. ಅವು ಬೇಲಿಗಿಡಗಳ ಗುಂಟ ಹಾರುತ್ತವೆ, ಹಾಗಾಗಿ ರೆಕ್ಕೆಯ ತುದಿ ಬೇಲಿಯಿಂದ 50 ಮೀಟರ್ ದೂರವಿರಲಿ ಅನ್ನುತ್ತದೆ ಒಂದು ಸಲಹೆ. ಬಯಲಿಗೆ ಸರಿಸಿದರೆ ನೋಟ ಕೆಡುತ್ತದೆ, ಮರಗಳ ಮರೆಗೆ ತನ್ನಿ ಅನ್ನುತ್ತದೆ ಇನ್ನೊಂದು ಪತ್ರ. ಆಯ್ತು, ಕಂಬವನ್ನಾದರೂ ಕುಳ್ಳಗೆ ಮಾಡಿ ಅಂತ ಮತ್ತೊಬ್ಬರು. ಒಳ್ಳೆಯ ಗಾಳಿ ಇರುವುದು ಎತ್ತರದಲ್ಲಿ. ವೇಗ ಅರ್ಧವಾದರೆ ಗಾಳಿಯ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ರೈತ ಹಾಗೂ ಹೀಗೂ ಒಪ್ಪಿ, ಕುಳ್ಳ ಕಂಬದ ಹೊಸ ನಕ್ಷೆ ಕಳಿಸಿದರೆ ಅವರಿಂದಲೇ ಹೊಸ ಆಕ್ಷೇಪಣೆ: ಇಷ್ಟು ಕಡಿಮೆ ಕರೆಂಟಿಗೆ ಇದೆಲ್ಲ ಬೇಕಿತ್ತಾ?