ಇಲ್ಲೇ ಐತ್ರಿ!

ಬಲಗಾಲಿನ ಹಿಮ್ಮಡಿ ಇನ್ನೂ ಉರಿಯುತ್ತಿದೆ. ಹಾಗಾಗಿ ಈ ಬರಹದಲ್ಲಿ ಸಿಟ್ಟು ಸ್ವಲ್ಪ ಜಾಸ್ತಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ಸಂಜೆ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ನಟ್ಟನಡುವೆ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಶನಿವಾರ ಸಂಜೆ ದುರ್ಗದಬೈಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಹಿಂದಿನವರು ದಬ್ಬಿದರೆ ನಾವು ಮುಂದೆ, ಮುಂದಿನವರು ನಿಂತರೆ ನಾವೂ ನಿಂತೆವು. ಸ್ವಂತ ಕಾಲಿನ ಕೆಲಸ ಅಲ್ಲಿ ಬಹಳ ಇರುವುದಿಲ್ಲ. ಆದರೂ ಚಪ್ಪಲಿ ಅಲ್ಲೇ ಕಿತ್ತಿತು. ಮಧ್ಯಾಹ್ನ ಮಳೆ ಬೇರೆ ಬಂದಿತ್ತು. ಕೆಳಗೆ ಕೆಸರು, ಬಾಳೆಹಣ್ಣಿನ ಸಿಪ್ಪೆ, ಕೊತ್ತಂಬರಿ ದಂಟು.

ನಾನು ಅಲ್ಲಿಗೆ ಹೋಗಿದ್ದು ಬಳೆಗೆ. ಸೋಮವಾರ ನಮ್ಮ ಕಾಲೇಜಿನಲ್ಲಿ ಎಥ್ನಿಕ್ ಡೇ. ಅವ್ವ ತನ್ನ ಇಳಕಲ್ ಸೀರೆಯನ್ನು ಪೇಪರಿನಲ್ಲಿ ಸುತ್ತಿ ಊರಿನಿಂದ ಬರುವವರ ಕೈಯಲ್ಲಿ ಕಳಿಸಿದ್ದಾಳೆ. ದಾಳಿಂಬೆ ಬಣ್ಣದ್ದು, ಟೋಪ್ ತೆನಿ ಸೆರಗು. ಅದಕ್ಕೆ ಹಸಿರು ಬಳೆ ಬೇಕಿತ್ತು. ವಿದ್ಯಾನಗರದ ನಮ್ಮ ರೂಮಿನಲ್ಲಿ ನನ್ನ ಜೊತೆ ಇರುವ ಗೆಳತಿ ಹಳೇ ಹುಬ್ಬಳ್ಳಿಯವಳು. “ನೀನೂ ಬಾರ” ಅಂದೆ. “ನಾ ಯಾಕ? ದುರ್ಗದಬೈಲ್ ಇಲ್ಲೇ ಐತಿ, ಹೋಗಿ ಬಾ” ಅಂದು ಮಗ್ಗುಲು ಬದಲಿಸಿದಳು.

ಈ ‘ಇಲ್ಲೇ’ ಇದೆಯಲ್ಲ, ಇದರ ಬಗ್ಗೆ ಯಾರಾದರೂ ಪಿಎಚ್‌ಡಿ ಮಾಡಬೇಕು.

ಹುಬ್ಬಳ್ಳಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಇಲ್ಲಿರುವುದು ಮೂರೇ ಅಳತೆ. ‘ಇಲ್ಲೇ’ ಅಂದರೆ ನಡೆದು ಸುಸ್ತಾಗುವಷ್ಟು. ‘ಇಲ್ಲೇ ಮುಂದ’ ಅಂದರೆ ಆಟೋ ಬೇಕು. ‘ಇಲ್ಲೇ ಸ್ವಲ್ಪ ಮುಂದ’ ಅಂದರೆ ಬುತ್ತಿ ಕಟ್ಟಿಕೊಳ್ಳಿ. ಯೋಚನೆ ಮಾಡಿ, ನಡುವೆ ಇಪ್ಪತ್ತು ಕಿಲೋಮೀಟರ್ ಇರುವ ಎರಡು ಊರುಗಳನ್ನು 1962ರಲ್ಲಿ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಆವತ್ತು ಯಾರೋ ಹುಬ್ಬಳ್ಳಿಯವರೇ ಎದ್ದು ನಿಂತು “ಧಾರವಾಡ ಏನ್ರಿ, ಇಲ್ಲೇ ಐತಿ” ಅಂದಿರಬೇಕು ಅಂತ ನನ್ನ ಗುಮಾನಿ. ಧಾರವಾಡದವರಿಗೆ ಅದು ಅಷ್ಟು ‘ಇಲ್ಲೇ’ ಅನ್ನಿಸಲಿಲ್ಲ. ನಮಗೆ ಬೇರೆ ಪಾಲಿಕೆ ಕೊಡಿ ಅಂತ ಕೇಳುತ್ತಲೇ ಬಂದರು.

ರೈಲ್ವೆ ಸ್ಟೇಷನ್ನಿನ ಕಥೆಯೂ ಅದೇ. ಫಸ್ಟ್ ಸೆಮ್‌ನಲ್ಲಿ ಒಮ್ಮೆ ಊರಿಗೆ ಹೋಗಲು ಗದಗಿನ ಕಡೆ ಹೋಗುವ ಗಾಡಿ ಹಿಡಿಯಬೇಕಿತ್ತು. ಪ್ಲಾಟ್‌ಫಾರಂ ಮೇಲೆ ಒಬ್ಬರನ್ನು “ಜನರಲ್ ಡಬ್ಬಿ ಎಲ್ಲಿ ಬರ್ತೈತ್ರಿ?” ಅಂತ ಕೇಳಿದೆ. “ಇಲ್ಲೇ ಮುಂದವಾ” ಅಂದರು. ನಡೆದೆ. ನಡೆದೇ ನಡೆದೆ. ಅದು 1507 ಮೀಟರ್ ಉದ್ದದ ಪ್ಲಾಟ್‌ಫಾರಂ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಉದ್ದನೆಯದು ಅಂತ ಆಮೇಲೆ ಗೊತ್ತಾಯಿತು. ಕೈಯಲ್ಲಿದ್ದ ಬ್ಯಾಗಿಗೆ ಮೊದಲೇ ಗೊತ್ತಾಗಿತ್ತು. ಪ್ಲಾಟ್‌ಫಾರಂ ಮೇಲೇ ಒಂದೂವರೆ ಕಿಲೋಮೀಟರ್ ನಡೆಸುವ ಊರಿನಲ್ಲಿ ‘ಇಲ್ಲೇ’ ಅನ್ನುವ ಮಾತಿಗೆ ಬೇರೆಯೇ ಅರ್ಥ ಬರುವುದು ಸಹಜ ಬಿಡಿ.

ಸರಿ, ಚಪ್ಪಲಿಗೆ ಬರೋಣ. ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಅರ್ಧ ಚಪ್ಪಲಿಯಲ್ಲಿ. ಆ ಅರ್ಧವನ್ನು ನೆಲಕ್ಕೆ ಒತ್ತಿ ಎಳೆಯುತ್ತ, ಬಾಗಿಲಿಗೆ ಸಿಕ್ಕ ಬೆಕ್ಕಿನ ಹಾಗೆ ಹೆಜ್ಜೆ ಹಾಕಿದೆ. ಬಳೆ ಅಂಗಡಿಯವರನ್ನು ಕೇಳಿದೆ: “ಚಪ್ಪಲ್ ಹೊಲಿಯೋರು ಎಲ್ಲಿ ಸಿಗ್ತಾರ್ರಿ?”

“ಇಲ್ಲೇ ಅದಾರ್ರಿ ಅಕ್ಕಾ, ಎರಡ ಹೆಜ್ಜಿ.”

ಹೋದೆ. ಎರಡು ಹೆಜ್ಜೆ ಇನ್ನೂರಾಯಿತು. ಲಿಂಬಿಹಣ್ಣು ಮಾರುತ್ತಿದ್ದ ಅಜ್ಜಿಯನ್ನು ಕೇಳಿದೆ. ಅವಳ ಎರಡೂ ಕೈಯಲ್ಲಿ ಲಿಂಬಿಹಣ್ಣಿದ್ದವು. ಗದ್ದ ಎತ್ತಿ ತೋರಿಸಿದಳು. ಗದ್ದ ಮೂರುಸಾವಿರ ಮಠದ ಕಡೆ, ಕಣ್ಣು ದಾಜಿಬಾನ್ ಪೇಟೆಯ ಕಡೆ. ನಾನು ಯಾವುದನ್ನು ನಂಬಬೇಕು? ಗದ್ದವನ್ನು ನಂಬಿದೆ. ತಪ್ಪಾಯಿತು.

ವಾಪಸ್ ಬಂದು ಚಹಾ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ಹಿರಿಯರನ್ನು ಕೇಳಿದೆ. ಇದು ನಾನು ಮಾಡಿದ ದೊಡ್ಡ ತಪ್ಪು.

“ಚಪ್ಪಲ್ ಹೊಲಿಯಾಂವನ? ಇಲ್ಲೇ, ಆ ಮೂಲಿಗೆ” ಅಂದರು ಒಬ್ಬರು.

“ಅಂವ ಎಲ್ಲಿ ಮೂಲಿಗೆ ಕುಂದರ್ತಾನೋ ಮಾರಾಯಾ? ಅದು ಹೋದ ವರ್ಷದ ಮಾತು. ಈಗ ಜವಳಿ ಸಾಲಿನಾಗ ಕುಂದರ್ತಾನ” ಅಂದರು ಇನ್ನೊಬ್ಬರು.

“ಜವಳಿ ಸಾಲಿನಾಗ ಇರಾಂವ ಕೊಡಿ ರಿಪೇರಿ ಮಾಡಾಂವ!”

“ನನಗ ಹೇಳ್ತಿ? ನಿನ್ನೆ ನನ್ನ ಚಪ್ಪಲ್ ಹೊಲಿಸೀನಿ!” ಎಂದು ಅವರು ಕಾಲು ಎತ್ತಿ ತೋರಿಸಿದರು. ನಾವು ಮೂವರೂ ಬಗ್ಗಿ ಚಪ್ಪಲಿ ನೋಡಿದೆವು. ಹೊಲಿಗೆ ಚೆನ್ನಾಗಿತ್ತು. ಚಹಾ ಸೋಸುತ್ತಿದ್ದ ಹುಡುಗನೂ ಬಂದು ನೋಡಿದ.

“ಬಾರವಾ, ನಾನ ತೋರಸ್ತೀನಿ” ಎಂದು ಅವರು ಅರ್ಧ ಕಪ್ ಚಹಾ ಬಿಟ್ಟು ಹೊರಟೇಬಿಟ್ಟರು. ಬೇಡ ಅನ್ನಲು ಬಾಯಿ ಬರಲಿಲ್ಲ. ಈ ಊರಿನ ಜನರ ಮೇಲೆ ಪೂರ್ತಿ ಸಿಟ್ಟು ಮಾಡಲು ಆಗದೇ ಇರುವುದು ಇದಕ್ಕೇ ನೋಡಿ. ದಾರಿ ಗೊತ್ತಿರಲಿ ಬಿಡಲಿ, ಜೊತೆಗೆ ಮಾತ್ರ ಬರುತ್ತಾರೆ.

ಮುಂದೆ ಅವರು, ಹಿಂದೆ ಕುಂಟುವ ನಾನು. ಅವರ ನಡಿಗೆ ಎಂಥದು ಅಂತೀರಿ? ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸು! ನಡುರಸ್ತೆಯಲ್ಲಿ ಅವರಿಗೊಂದು ಪ್ರತ್ಯೇಕ ದಾರಿ ಇದ್ದ ಹಾಗೆ ಎಮ್ಮೆ, ಸ್ಕೂಟರ್, ತಳ್ಳುಗಾಡಿ ಎಲ್ಲವೂ ಪಕ್ಕಕ್ಕೆ ಸರಿಯುತ್ತಿದ್ದವು. ಸಾಲದ್ದಕ್ಕೆ ದಾರಿಯುದ್ದಕ್ಕೂ ವಿಚಾರಣೆ.

“ಯಾವ ಊರವಾ?”

“ಗದಗಿನ ಹತ್ರರೀ.”

“ಗದಗಿನ ಹತ್ರ ಅಂದ್ರ?”

“ಲಕ್ಕುಂಡಿ ಕಡೆ.”

“ಹಂಗ ಹೇಳು ಮತ್ತ! ಲಕ್ಕುಂಡಿಯಾಗ ನಮ್ಮ ತಂಗಿನ್ನ ಕೊಟ್ಟೈತಿ. ನಿಮ್ಮಪ್ಪಾರು ಏನ್ ಮಾಡ್ತಾರ?”

ಅಪ್ಪನ ಹೊಲ ಎಷ್ಟು, ಈ ಸಲ ಹೆಸರು ಬಿತ್ತಿದ್ದಾರೋ ಗೋವಿನಜೋಳವೋ, ನಾನು ಯಾಕೆ ಬಿ.ಎಸ್ಸಿ. ಬಿಟ್ಟು ಬಿ.ಕಾಂ. ತಗೊಂಡೆ, ಎಲ್ಲ ಬಂತು. ಅಷ್ಟೇ ಆಗಿದ್ದರೆ ಸರಿ. ದಾರಿಯಲ್ಲಿ ಪರಿಚಯದವರು ಸಿಕ್ಕಾಗಲೆಲ್ಲ ನಿಲ್ಲಿಸಿ, “ಈ ಹುಡುಗೀದು ಚಪ್ಪಲ್ ಹರದೈತಿ, ನಮ್ಮ ತಂಗಿ ಊರಿನ ಕಡೆದು” ಅಂತ ಪರಿಚಯ ಮಾಡಿಸಿದರು. ಪ್ರತಿಯೊಬ್ಬರೂ ಮೊದಲು ನನ್ನ ಕಾಲು ನೋಡಿ, ಆಮೇಲೆ ಮುಖ ನೋಡಿ, “ಅಯ್ಯ ಪಾಪ” ಅಂದರು. ಬಟ್ಟೆ ಅಂಗಡಿಯವರೊಬ್ಬರು ಪಿನ್ನು ಕೊಟ್ಟರು. ಅದು ಚಪ್ಪಲಿಗಿಂತ ಜಾಸ್ತಿ ನನ್ನ ಹೆಬ್ಬೆರಳಿಗೆ ಹತ್ತಿತು.

ಜವಳಿ ಸಾಲಿನಲ್ಲಿ ಕುಳಿತಿದ್ದವರು ಕೊಡೆ ರಿಪೇರಿಯವರೇ. ನನ್ನ ಜೊತೆಗಿದ್ದ ಹಿರಿಯರು ಒಂದು ಕ್ಷಣವೂ ಅಳುಕಲಿಲ್ಲ. “ಹಂಗಾರ ಇಲ್ಲೇ ಮುಂದ ಇರಬೇಕು” ಅಂದರು. ಎಡಕ್ಕೆ ತಿರುಗಿದೆವು. ಮತ್ತೆ ಎಡಕ್ಕೆ. ಇನ್ನೊಂದು ಸಲ ಎಡಕ್ಕೆ. ಲೆಕ್ಕದಲ್ಲಿ ನಾನು ದಡ್ಡಿ ಇರಬಹುದು, ಆದರೆ ಮೂರು ಸಲ ಎಡಕ್ಕೆ ತಿರುಗಿದರೆ ಎಲ್ಲಿಗೆ ಬರುತ್ತೇವೆ ಅನ್ನುವಷ್ಟು ಗೊತ್ತು. ಮೂಗಿಗೆ ಮಿರ್ಚಿ ಕರಿಯುವ ವಾಸನೆ ಬಡಿಯಿತು. ಅದೇ ದುರ್ಗದಬೈಲು. ಅದೇ ಬಳೆ ಅಂಗಡಿ. ಅದರ ಪಕ್ಕದ ಮಿರ್ಚಿ ಗಾಡಿಯ ಹಿಂದೆ, ನನ್ನ ಚಪ್ಪಲಿ ಕಿತ್ತ ಜಾಗದಿಂದ ಸರಿಯಾಗಿ ಎರಡು ಹೆಜ್ಜೆ ದೂರದಲ್ಲಿ, ದೊಡ್ಡದೊಂದು ಕಪ್ಪು ಕೊಡೆ, ಅದರ ಕೆಳಗೆ ಕಟ್ಟಿಗೆ ಪೆಟ್ಟಿಗೆ, ದಾರ, ಮೇಣ, ಉಳಿ.

“ನಾ ಹೇಳ್ಲಿಲ್ಲಾ? ಇಲ್ಲೇ!” ಅಂದರು ಹಿರಿಯರು.

ಪೆಟ್ಟಿಗೆ ಇತ್ತು. ಮನುಷ್ಯ ಇರಲಿಲ್ಲ.

ಮಿರ್ಚಿಯವರನ್ನು ಕೇಳಿದೆ. ಅವರು ಎಣ್ಣೆಯಲ್ಲಿ ಝಾರಾ ತಿರುವುತ್ತ, ತಲೆ ಎತ್ತದೆ ಹೇಳಿದರು: “ಇಲ್ಲೇ ಹೋಗ್ಯಾನ್ರಿ. ಬರ್ತಾನ.”

ನನ್ನ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಹೆಚ್ಚುತ್ತಿದ್ದರು, ಅದಕ್ಕೂ ಇರಬಹುದು.

ಹಿರಿಯರು “ಬರ್ತಾನ, ನಿಂದ್ರು. ಲಕ್ಕುಂಡಿಗೆ ಹೋದ್ರ ನಮ್ಮ ತಂಗಿಗೆ ಹೇಳವಾ” ಅಂತ ಚಹಾ ಅಂಗಡಿಗೆ ಹೋದರು. ತಂಗಿಯ ಹೆಸರನ್ನೂ ಹೇಳಲಿಲ್ಲ, ತಮ್ಮ ಹೆಸರನ್ನೂ ಹೇಳಲಿಲ್ಲ. ಏನಂತ ಹೇಳಲಿ? ನಿಮ್ಮ ಅಣ್ಣ ಹುಬ್ಬಳ್ಳಿಯಲ್ಲಿ ಎಡಕ್ಕೆ ತಿರುಗುತ್ತಾರೆ ಅಂತಲೇ?

ನಿಂತೆ. ಸುಮ್ನೆ ನಿಲ್ಲುವುದು ಹೇಗೆ ಅಂತ ಒಂದು ಪ್ಲೇಟು ಗಿರಮಿಟ್ ತಗೊಂಡೆ. ಗಿರಮಿಟ್ ಜೊತೆ ಮಿರ್ಚಿ ತಿನ್ನದಿದ್ದರೆ ಹೇಗೆ ಅಂತ ಎರಡು ಮಿರ್ಚಿ. ಚುರಮುರಿಗೆ ಹಚ್ಚಿದ ಪುಠಾಣಿ ಹಿಟ್ಟು, ಹಸಿ ಈರುಳ್ಳಿ, ಹುಣಸೆಹುಳಿ. ಒಂದು ಕಾಲಿನ ಮೇಲೆ ಕೊಕ್ಕರೆ ಹಾಗೆ ನಿಂತು ತಿಂದರೂ ರುಚಿ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ಅವ್ವನ ಫೋನು.

“ಎಲ್ಲಿದ್ದೀ?”

“ಇಲ್ಲೇ” ಅಂದೆ.

ಬಾಯಿಂದ ತಾನೇ ಬಂತು. ಈ ಊರಿಗೆ ಬಂದು ಎರಡು ವರ್ಷವಾಯಿತು. ನನ್ನನ್ನು ಕಾಲೇಜಿಗೆ ಹಚ್ಚುವಾಗ ಅವ್ವ ಓಣಿಯಲ್ಲಿ ಕೇಳಿದವರಿಗೆಲ್ಲ, “ದೂರೇನ ಇಲ್ಲ, ಹುಬ್ಬಳ್ಳಿ, ಇಲ್ಲೇ” ಅನ್ನುತ್ತಿದ್ದಳು. ಒಂದೇ ದಿನ ಐದಾರು ಸಲ ಅಂದದ್ದು ಕೇಳಿದ್ದೇನೆ. ರಾತ್ರಿ ಅಪ್ಪ ಸುಮ್ಮನೆ ಕೂತಿದ್ದಾಗ ಅವನಿಗೂ ಒಂದು ಸಲ ಅಂದಳು, ಯಾರೂ ಕೇಳದಿದ್ದರೂ. ಹೋದ ದೀಪಾವಳಿಯ ನಂತರ ನಾನು ಊರಿಗೆ ಹೋಗಿದ್ದು ಮೂರೇ ಸಲ. ಅಸೈನ್‌ಮೆಂಟು, ಇಂಟರ್ನಲ್ಲು, ಅದು ಇದು.

“ಸೀರಿ ಹೊಂದತೇನ?” ಅಂದಳು.

“ಹೊಂದತೈತಿ.”

“ಫಾಲ್ ಬಿಚ್ಚೇತಿ ನೋಡ, ಹಚ್ಕೋ. ಚಪ್ಪಲ್ ಚೊಲೋದು ಹಾಕ್ಕೋ.”

ಚಪ್ಪಲಿಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಅಪ್ಪ ನಾಳೆಯೇ ಮೊದಲ ಬಸ್ಸಿಗೆ ಹೊಸ ಜೋಡು ಹಿಡಿದು ಬಂದಿರುತ್ತಿದ್ದ.

ಮುಕ್ಕಾಲು ಗಂಟೆಯ ಮೇಲೆ ಚಪ್ಪಲಿ ಹೊಲಿಯುವವರು ಬಂದರು. ಎಲ್ಲಿ ಹೋಗಿದ್ದಿರಿ ಅಂತ ಕೇಳಲಿಲ್ಲ. ಉತ್ತರ ಗೊತ್ತಿತ್ತು. ಎರಡೇ ನಿಮಿಷದಲ್ಲಿ ಉಂಗುಟ ಹೊಲಿದು, ಗಟ್ಟಿ ಐತೇನು ಅಂತ ತಾವೇ ಎಳೆದು ನೋಡಿ ಕೊಟ್ಟರು. ಇಪ್ಪತ್ತು ರೂಪಾಯಿ. ಗಿರಮಿಟ್, ಮಿರ್ಚಿಗೆ ಅದಕ್ಕಿಂತ ಜಾಸ್ತಿ ಆಗಿತ್ತು.

ರೂಮಿಗೆ ಬಂದಾಗ ಗೆಳತಿ ಅದೇ ಮಗ್ಗುಲಲ್ಲಿ ಮಲಗಿದ್ದಳು. ಕಾಲಿನ ಕೆಸರು ನೋಡಲಿಲ್ಲ, ಹೆಬ್ಬೆರಳು ನೋಡಲಿಲ್ಲ. ಕೈ ನೋಡಿದಳು.

“ಬಳಿ ಎಲ್ಲಿ?”

ಬಳೆ ಅಂಗಡಿಯ ಪಕ್ಕದಲ್ಲೇ ಮುಕ್ಕಾಲು ಗಂಟೆ ನಿಂತಿದ್ದೆ. ಎರಡು ಹೆಜ್ಜೆ.

“ಮರ್ತ ಬಂದ್ಯಾ? ಇರ್ಲಿ ಬಿಡ, ನಾಳೆ ಹೋಗಿ ತಗೊಂಡ ಬಾ” ಅಂದಳು, ಆಕಳಿಸುತ್ತ. “ಇಲ್ಲೇ ಐತಲ್ಲ.”