ಮೀಟರ್ ಬಂದಿಲ್ಲ ಸಾರ್

ಮನೆ ಮೇಲೆ ಸೋಲಾರ್ ಪ್ಯಾನೆಲ್ ಕೂತು ತಿಂಗಳುಗಳೇ ಆಯ್ತು, ಆನ್ ಮಾಡೋ ಹಾಗಿಲ್ಲ, ಯಾಕಂದ್ರೆ ನೆಟ್ ಮೀಟರ್, ಅಂದ್ರೆ ನಾವು ಲೈನಿಗೆ ಕೊಟ್ಟ ಕರೆಂಟು, ಲೈನಿಂದ ತಗೊಂಡ ಕರೆಂಟು ಎರಡನ್ನೂ ಲೆಕ್ಕ ಹಾಕೋ ಮೀಟರ್, ಬಂದಿಲ್ಲ. ಮನೆ ಸೋಲಾರಿಗೆ ಅಂತ ಕೇಂದ್ರ ಸರ್ಕಾರದ ಸೂರ್ಯಘರ್ ಸ್ಕೀಮಲ್ಲಿ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಅಂತ ಎಲ್ಲಾ ಕಡೆ ಜಾಹೀರಾತು, ಆದ್ರೆ ಆ ದುಡ್ಡು ಬರೋದು ಮೀಟರ್ ಕೂತು, ಇನ್ಸ್‌ಪೆಕ್ಷನ್ ಆಗಿ, ರಿಪೋರ್ಟ್ ಪೋರ್ಟಲಿಗೆ ಹತ್ತಿದ್ಮೇಲೆ, ಅಲ್ಲೀವರ್ಗೂ ಲೋನಿನ ಇಎಂಐ ಮಾತ್ರ ಟೈಮಿಗೆ ಸರಿಯಾಗಿ ಕಟ್ ಆಗ್ತಾ ಇರತ್ತೆ. ಕರೆಂಟ್ ಆಫೀಸಿಗೆ ಹೋದ್ರೆ "ಸ್ಟಾಕಿಲ್ಲ ಸಾರ್, ನೀವೇ ಹೊರಗಡೆ ತಗೊಂಡು ಟೆಸ್ಟಿಂಗಿಗೆ ಕೊಡಿ" ಅಂತಾರೆ, ತಂದು ಕೊಟ್ರೆ "ಸಾಹೇಬ್ರು ಸೈಟಿಗೆ ಹೋಗಿದಾರೆ". ಪಾವಗಡದಲ್ಲಿ ರೈತರ ಹತ್ರ 13,000 ಎಕರೆ ಲೀಸಿಗೆ ತಗೊಂಡು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಲ್ಲಿಸಿದ ರಾಜ್ಯ ಸ್ವಾಮಿ ಇದು, ಒಂದು ಮೀಟರ್ ಕೂರಿಸೋಕೆ ಏನು ಕಷ್ಟ?

ಇನ್ನೊಂದು, ಲೈನಲ್ಲಿ ಕರೆಂಟ್ ಹೋದ್ರೆ ಬ್ಯಾಟರಿ ಇಲ್ದಿರೋ ಈ ಸೋಲಾರೂ ಬಂದ್, ನಮ್ಮ ಕರೆಂಟು ಲೈನಿಗೆ ಹೋಗಿ ರಿಪೇರಿ ಮಾಡ್ತಿರೋ ಲೈನ್‌ಮ್ಯಾನಿಗೆ ಶಾಕ್ ಹೊಡೀಬಾರ್ದು ಅಂತ. ಅದು ಸರಿನೇ ಬಿಡಿ, ಆದ್ರೆ ಮಾರೋವಾಗ ಒಬ್ರೂ ಬಾಯ್ಬಿಡಲಿಲ್ಲ. ಪಕ್ಕದ್ಮನೆ ಅಂಕಲ್ ಬೇರೆ "ಗೃಹಜ್ಯೋತಿ 200 ಯೂನಿಟ್ ಫ್ರೀ ಇರೋವಾಗ ನಿಂಗ್ಯಾಕಪ್ಪಾ ಇದೆಲ್ಲಾ" ಅಂತ ಸಿಕ್ಕಾಗೆಲ್ಲಾ ಚುಚ್ತಾರೆ. ನಮ್ದು ಬೇಸಿಗೇಲಿ 200 ದಾಟತ್ತೆ ಅಂಕಲ್, ಅದಕ್ಕೇ. ಯಾರಿಗಾದ್ರೂ ಮೀಟರ್ ಬೇಗ ಸಿಕ್ಕಿದ್ರೆ ಹೆಂಗೆ ಅಂತ ಸ್ವಲ್ಪ ಹೇಳ್ರಪ್ಪಾ.